ಶೂ ಬಾಯಿ ಬಿಟ್ಟಿತು, ಅರಮನೆ ಮಾತ್ರ ಬಿಡಲಿಲ್ಲ

ನಮಸ್ಕಾರ. ಈ ವಿಡಿಯೊ ತೆಗೆದ ಕಡೆ ಗಾಳಿಮಳೆಗೆ ನನ್ನ ಮಾತು ಒಂದೂ ಕೇಳಿಸುತ್ತಿಲ್ಲ. ಅದಕ್ಕೇ ಮನೆಗೆ ಬಂದು ಧ್ವನಿ ಕೊಡುತ್ತಿದ್ದೇನೆ. ಕ್ಯಾಮೆರಾ ಅಲ್ಲಾಡಿದರೆ ಬೈಯಬೇಡಿ, ಹಿಡಿದವರು ನಮ್ಮ ಯಜಮಾನರು.

ಇದು ಸ್ಕಾಟ್ಲೆಂಡಿನ ಅಬರ್‌ಫೆಲ್ಡಿ. ಸೇತುವೆ ಚೆನ್ನಾಗಿದೆ ಅಲ್ವಾ? ಬ್ರಿಟಿಷ್ ಸೇನಾಧಿಕಾರಿ ಜನರಲ್ ವೇಡ್ 1733ರಲ್ಲಿ ಕಟ್ಟಿಸಿದ್ದು. ಊರಿನವರ ಮೇಲಿನ ಪ್ರೀತಿಗಲ್ಲ, ಹೈಲ್ಯಾಂಡ್ಸ್ ಅನ್ನುವ ಈ ಗುಡ್ಡನಾಡಿನ ಜನ ದಂಗೆ ಎದ್ದರೆ ಸೈನ್ಯ ಬೇಗ ತಲುಪಲಿ ಅಂತ. ನಾವು ನೋಡಲು ಹೊರಟಿರುವ ಕೋಟೆಮನೆ ಕ್ಯಾಸಲ್ ಮೆನ್ಜೀಸ್, ಅಂದರೆ ಮೆನ್ಜೀಸ್ ಕುಲದ ಮೂಲಮನೆ, ಪಕ್ಕದ ವೀಮ್ ಹಳ್ಳಿಯಲ್ಲಿದೆ, ಸುಮಾರು ಎರಡೂವರೆ ಕಿಲೋಮೀಟರ್. "ನಡೆದುಬಿಡೋಣ" ಎಂದವಳು ನಾನೇ.

ಈಗ ಬರುವ ಶಾಟ್ ನೋಡಿ. ಅದು ನನ್ನ ಬಲಗಾಲಿನ ಶೂ. ಅಟ್ಟೆ ಮುಂದಿನಿಂದ ಬಿಟ್ಟುಕೊಂಡು ಮೊಸಳೆ ಥರ ಬಾಯಿ ತೆರೆದಿದೆ. ಇದಕ್ಕೆ 60 ಪೌಂಡ್ ಕೊಟ್ಟಿದ್ದೆ. ನಮ್ಮ ದುಡ್ಡಲ್ಲಿ 7,000 ರೂಪಾಯಿ ಹತ್ತಿರ! ನೀರು ಒಳಗೆ ಬರಲ್ಲ ಅಂತ ಅಂಗಡಿಯವನು ಹೇಳಿದ್ದ. ನಿಜವೇ. ಬಂದ ನೀರು ಹೊರಗೂ ಹೋಗಲಿಲ್ಲ. ಊರಲ್ಲಾಗಿದ್ದರೆ ಬಸ್‌ಸ್ಟ್ಯಾಂಡ್ ಪಕ್ಕ ಕೂತವರು ಐದು ನಿಮಿಷದಲ್ಲಿ ಹೊಲಿದುಕೊಡುತ್ತಿದ್ದರು. ಇಲ್ಲಿ ರಸ್ತೆಯಲ್ಲಿ ನಾವಿಬ್ಬರು, ಬೇಲಿಯಾಚೆ ಕುರಿಗಳು. ಹೇರ್‌ಬ್ಯಾಂಡ್ ಬಿಚ್ಚಿ ಶೂಗೆ ಕಟ್ಟಿದೆ. ನೂರು ಹೆಜ್ಜೆಗೆ ಕಿತ್ತುಹೋಯಿತು. ಆಮೇಲೆ ಕ್ಯಾಮೆರಾ ಬ್ಯಾಗಿನ ದಾರ. ಅದೂ ಹೋಯಿತು. ಯಜಮಾನರು ಸಹಾಯ ಮಾಡುವ ಬದಲು ಜೂಮ್ ಮಾಡುತ್ತಿದ್ದಾರೆ, ನೋಡಿ.

ಹಾಂ, ಮನೆ ಬಂತು. ಕ್ಯಾಸಲ್ ಮೆನ್ಜೀಸ್. ಹಾಗೆ ಅಂದರೆ ಇಲ್ಲಿಯವರು ತಿದ್ದುತ್ತಾರೆ, ಹಳೆಯ ಉಚ್ಚಾರಣೆ "ಮಿಂಗಿಸ್". ಇಲ್ಲಿಯ ಹಳೇ ಭಾಷೆ ಸ್ಕಾಟ್ಸ್‌ನಲ್ಲಿ "ಯೋಗ್" ಅಂತ ಒಂದು ಅಕ್ಷರ ಇತ್ತು, ಈ ಹೆಸರಿನ ನಡುವೆ ಇದ್ದದ್ದು ಅದೇ. ಮುದ್ರಣದವರ ಹತ್ತಿರ ಅದರ ಅಚ್ಚು ಇರಲಿಲ್ಲ. ನೋಡೋಕೆ ಹತ್ತಿರ ಇದೆ ಅಂತ ಜ಼ಡ್ ಹಾಕಿದರು. ಅಚ್ಚಿನ ಮೊಳೆ ಸಾಲದೆ ಒಂದು ಕುಲದ ಹೆಸರೇ ಕೆಟ್ಟಿತು.

ಕೌಂಟರ್‌ನಲ್ಲಿದ್ದ ಅಜ್ಜಿ ಟಿಕೆಟ್ ಕೊಡುವ ಮೊದಲು ಶೂ ನೋಡಿದರು. ಒಂದು ಮಾತೂ ಆಡದೆ ದಪ್ಪ ಟೇಪಿನ ಸುರುಳಿ ತಂದುಕೊಟ್ಟರು. ಮೂರು ಸುತ್ತು ಸುತ್ತಿದೆ. ಇನ್ನು ಒಳಗಿನ ಪ್ರತಿ ಶಾಟ್‌ನಲ್ಲೂ ಚಪ್ ಚಪ್ ಅಂತ ಕೇಳಿಸಿದರೆ, ಅದು ಭೂತ ಅಲ್ಲ.

ಹಿಂದಿನ ಮನೆಯನ್ನು 1502ರಲ್ಲಿ ಪಕ್ಕದ ಪಾಳೆಯಗಾರ ಸುಟ್ಟುಹಾಕಿದ. ಅದಕ್ಕೇ ಇದನ್ನು ಇಷ್ಟು ಗಟ್ಟಿಯಾಗಿ ಕಟ್ಟಿದ್ದಾರೆ. ಮೇಲಿನಿಂದ ನೋಡಿದರೆ ಜ಼ಡ್ ಆಕಾರ, ಎದುರು ಬದುರು ಮೂಲೆಯಲ್ಲಿ ಎರಡು ಗೋಪುರ. ಅಲ್ಲಿ ಬಂದೂಕು ಹಿಡಿದು ನಿಂತರೆ ನಾಲ್ಕೂ ಗೋಡೆಯ ಮೇಲೆ ಕಣ್ಣಿಡಬಹುದು.

ನೇರವಾಗಿ ಹೇಳುತ್ತೇನೆ, ಮೊದಲ ಹತ್ತು ನಿಮಿಷ ದುಡ್ಡು ದಂಡ ಅನ್ನಿಸಿತು. ಕೋಣೆ ಖಾಲಿ, ಗೋಡೆ ಬೋಳು, ಥಂಡಿ ಬೇರೆ. ಅರಮನೆ ಅಂದರೆ ಮಂಚ, ಕನ್ನಡಿ, ಚಿನ್ನದ ಬಣ್ಣ ಇರಬೇಕಲ್ವಾ? ಆಮೇಲೆ ಬೋರ್ಡ್ ಓದಿದೆ. ವಂಶದ ಕೊನೆಯ ಯಜಮಾನ ಸರ್ ನೀಲ್ 1910ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ, ಆಸ್ತಿ ಮಾರಿಹೋಯಿತು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡ್ ಸೈನ್ಯದ ಔಷಧಿ ಗೋದಾಮು. ಪಾಳುಬಿದ್ದಿದ್ದ ಇದನ್ನು 1957ರಲ್ಲಿ ಕುಲದ ಸಂಘವೇ ಕೊಂಡು ರಿಪೇರಿ ಶುರುಮಾಡಿತು. ಹಂಚಿಹೋದ ನೆಂಟರು ಸೇರಿ ಮೂಲಮನೆ ಎತ್ತಿ ನಿಲ್ಲಿಸಿದ ಹಾಗೆ. ಸರಿ, ಮಾತು ವಾಪಸ್. ಆದರೂ ಒಂದು ಹೀಟರ್ ಇಡಬಹುದಿತ್ತು.

ಈ ಕೋಣೆ ಬಾನಿ ಪ್ರಿನ್ಸ್ ಚಾರ್ಲಿಯದು, ಬ್ರಿಟನ್ನಿನ ಸಿಂಹಾಸನ ತನ್ನ ಮನೆತನದ್ದು ಅಂತ ದಂಗೆ ಎದ್ದ ರಾಜಕುಮಾರ. 1746ರ ಫೆಬ್ರವರಿಯಲ್ಲಿ ಎರಡು ರಾತ್ರಿ ಇಲ್ಲಿದ್ದ. ಏಪ್ರಿಲ್ 16ಕ್ಕೆ ಕಲೋಡನ್ ಯುದ್ಧದಲ್ಲಿ ಸರ್ಕಾರದ ಸೈನ್ಯಕ್ಕೆ ಸೋತ. ಮನೆಯ ಯಜಮಾನ ಯುದ್ಧಕ್ಕೆ ಹೋಗಿರಲಿಲ್ಲ, ಅವನ ಕುಲದವರು ಹೋಗಿದ್ದರು. ಜಾಣ ಅನ್ನಬೇಕೋ ಹೆದರುಪುಕ್ಕ ಅನ್ನಬೇಕೋ, ನೀವೇ ಹೇಳಿ.

ನಾನು ಬಂದಿದ್ದು ಚಾರ್ಲಿಗಾಗಿ ಅಲ್ಲ. ದುಲೀಪ್ ಸಿಂಗ್‌ಗಾಗಿ. ಪಂಜಾಬಿನ ಕೊನೆಯ ಮಹಾರಾಜ. 1849ರಲ್ಲಿ ಬ್ರಿಟಿಷರು ರಾಜ್ಯವನ್ನೂ ಕೊಹಿನೂರನ್ನೂ ಕಿತ್ತುಕೊಂಡಾಗ ಅವನಿಗೆ ಬರೀ ಹತ್ತು ವರ್ಷ. ಇಂಗ್ಲೆಂಡಿಗೆ ಕರೆತಂದರು. 1855ರಿಂದ 1858ರವರೆಗೆ ಈ ಮನೆ ಬಾಡಿಗೆಗೆ. ಲಾಹೋರಿನಲ್ಲಿ ಹುಟ್ಟಿದ ಹುಡುಗ, ಈ ಮಳೆ! ಹೈಲ್ಯಾಂಡ್ ಉಡುಪು ತೊಡುತ್ತಿದ್ದ, ಬೇಟೆ ಆಡುತ್ತಿದ್ದ. ಸುತ್ತಲಿನವರು ಇಟ್ಟ ಹೆಸರು "ಪರ್ತ್‌ಶೈರಿನ ಕಪ್ಪು ರಾಜಕುಮಾರ", ಪರ್ತ್‌ಶೈರ್ ಅಂದರೆ ಈ ಸೀಮೆ. ಅಮ್ಮನನ್ನು ನೋಡದೆ ಎಷ್ಟೋ ವರ್ಷ ಆಗಿತ್ತು. ಈ ಕಿಟಕಿಯ ಹತ್ತಿರ ನಾನು ಸುಮ್ನೆ ನಿಂತುಬಿಟ್ಟೆ, ಶಾಟ್ ಉದ್ದ ಆಯಿತು, ಕತ್ತರಿಸಿಲ್ಲ.

ಅಯ್ಯೋ, ಬ್ಯಾಟರಿ ಕೆಂಪಾಯಿತು. ತೋಟ ಬೇಗ ತೋರಿಸುತ್ತೇನೆ. ಇಲ್ಲಿಯ ತೋಟದಲ್ಲಿ ಕೆಲಸ ಕಲಿತ ಆರ್ಚಿಬಾಲ್ಡ್ ಮೆನ್ಜೀಸ್ ಅನ್ನುವವನೇ ಮಂಕಿ ಪಜ಼ಲ್ ಅನ್ನುವ ಚೂಪು ಎಲೆಯ ಮರವನ್ನು ಚಿಲಿಯಿಂದ ಬ್ರಿಟನ್ನಿಗೆ ತಂದಿದ್ದು.

ವಾಪಸ್ ಟ್ಯಾಕ್ಸಿಯಲ್ಲಿ ಬಂದೆವು. ಟೇಪಿನ ಸುರುಳಿ ಇನ್ನೂ ನನ್ನ ಬ್ಯಾಗಲ್ಲೇ ಇದೆ. ಅಜ್ಜೀ, ಅಂಚೆಯಲ್ಲಿ ಕಳಿಸುತ್ತೇನೆ.