ಪೆನ್‌ಡ್ರೈವ್‌ನಲ್ಲಿರುವ ವರ್ಡ್ ಫೈಲ್: ತೆರೆಯುವ ಮುಂಚೆ, ಕೆಟ್ಟ ಮೇಲೆ

ಎಲ್ಲರಿಗೂ ನಮಸ್ಕಾರ.

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಪ್ರೆಸ್‌ಗೋ ಝೆರಾಕ್ಸ್ ಅಂಗಡಿಗೋ ಹೋದವರೇ, ಅಲ್ವಾ? ಅಲ್ಲಿ ಹೋದ ಮೇಲೆ ಒಂದು ತಪ್ಪು ಕಣ್ಣಿಗೆ ಬೀಳುತ್ತದೆ. ಇಲ್ಲೇ ತಿದ್ದಿಬಿಡೋಣ ಅಂತ ಪೆನ್‌ಡ್ರೈವ್‌ನಲ್ಲೇ ಫೈಲ್ ತೆರೆಯುತ್ತೇವೆ. ನನ್ನ ತಕರಾರು ಅದಕ್ಕೇ.

ಸೇವ್ ಒತ್ತಿದಾಗ ವರ್ಡ್ ಹಳೇ ಫೈಲಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಪಕ್ಕದಲ್ಲೇ ತಾತ್ಕಾಲಿಕ ಫೈಲೊಂದನ್ನು ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಅದೇ ಹೆಸರು ಇಡುತ್ತದೆ. ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ, ಜಾಗ ಸಾಲದಿದ್ದರೆ, ಅವಸರದಲ್ಲಿ ಯಾರಾದರೂ ಪೆನ್‌ಡ್ರೈವ್ ಕಿತ್ತರೆ ಫೈಲ್ ಅರ್ಧಕ್ಕೇ ನಿಂತುಬಿಡುತ್ತದೆ. 1.44 ಎಂಬಿ ಫ್ಲಾಪಿಯ ಕಾಲದಿಂದಲೂ ಇದೇ ಗೋಳು. ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ. ಅಲ್ಲಿ ತಿದ್ದಿ, ವರ್ಡ್ ಮುಚ್ಚಿ, ಆಮೇಲೆ ಪೆನ್‌ಡ್ರೈವ್‌ಗೆ ಹಾಕಿ, ಇಜೆಕ್ಟ್ ಕೊಟ್ಟು ತೆಗೆಯಿರಿ.

ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಅದು ವೈರಸ್ ಕಾಟ. ಕ್ಲಿಕ್ ಮಾಡಲೇಬೇಡಿ. ನಿಮ್ಮ ಫೈಲ್‌ಗಳನ್ನು ಅದು ಸಾಮಾನ್ಯವಾಗಿ ಬಚ್ಚಿಟ್ಟಿರುತ್ತದೆ, ಅಷ್ಟೇ. ಆಂಟಿವೈರಸ್ ಓಡಿಸಿ, ಆಮೇಲೆ ಹಿಡನ್ ಫೈಲ್‌ಗಳನ್ನು ತೋರಿಸು ಅನ್ನಿ.

ಇನ್ನು ಫೈಲೇ ಅಳಿಸಿಹೋದರೆ? ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಆದರೂ ಗಾಬರಿ ಬೇಡ. ಫೈಲ್‌ಗಳ ಪಟ್ಟಿಯಲ್ಲಿ ಆ ಹೆಸರಿಗೆ 'ಅಳಿಸಿದೆ' ಅಂತ ಗುರುತು ಬಿದ್ದಿರುತ್ತದೆ. ಬರಹ ಮಾತ್ರ, ಅದರ ಮೇಲೆ ಬೇರೆ ಏನಾದರೂ ಬಂದು ಕೂರುವವರೆಗೆ ಅಲ್ಲೇ ಇರುತ್ತದೆ. ಹಾಗಾಗಿ ಆ ಪೆನ್‌ಡ್ರೈವ್‌ಗೆ ಹೊಸದೇನನ್ನೂ ಹಾಕಬೇಡಿ. 'ಫಾರ್ಮ್ಯಾಟ್ ಮಾಡಲೇ?' ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಫೋಟೊರೆಕ್ ಅಂತ ಉಚಿತ ತಂತ್ರಾಂಶವಿದೆ. ಹೆಸರು ನೋಡಿ ಫೋಟೋಗೆ ಮಾತ್ರ ಅಂದುಕೊಳ್ಳಬೇಡಿ, ವರ್ಡ್ ಫೈಲನ್ನೂ ಅದು ಹುಡುಕಿ ಕೊಡುತ್ತದೆ. ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕ್‌ನಲ್ಲೇ ಉಳಿಸಿ.

ಫೈಲ್ ಇದೆ, ತೆರೆಯುತ್ತಿಲ್ಲ ಅನ್ನೋದು ಬೇರೆ ಕೇಸು. ಅದರ ಒಂದು ಪ್ರತಿ ಮಾಡಿಕೊಳ್ಳಿ. ವರ್ಡ್‌ನೊಳಗಿಂದ ಆ ಪ್ರತಿಯನ್ನು ಆರಿಸಿ, ಓಪನ್ ಬಟನ್ ಪಕ್ಕದ ಬಾಣ ಒತ್ತಿದರೆ 'ಓಪನ್ ಅಂಡ್ ರಿಪೇರ್' ಅಂತ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್ನೊಂದು ದಾರಿ, ನನಗೆ ಬಹಳ ಇಷ್ಟದ್ದು. ವರ್ಡ್ 2007ರಿಂದ ಬಂದ ಡಾಕ್ಸ್ ಫೈಲ್ ಒಳಗಿನಿಂದ ಒಂದು ಜಿಪ್ ಗಂಟು. ಹೆಸರಿನ ಕೊನೆಗೆ ಡಾಕ್ಸ್ ಬದಲು ಜಿಪ್ ಅಂತ ಹಾಕಿ ಬಿಚ್ಚಿ. ಒಳಗೆ 'ವರ್ಡ್' ಅನ್ನುವ ಫೋಲ್ಡರ್, ಅದರಲ್ಲಿ 'ಡಾಕ್ಯುಮೆಂಟ್' ಅನ್ನುವ ಎಕ್ಸ್‌ಎಂಎಲ್ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೋಡ್‌ಗಳ ನಡುವೆ ನಿಮ್ಮ ಸಾಲುಗಳು ಕಾಣುತ್ತವೆ. ಗಂಟೇ ಹರಿದಿದ್ದರೆ ಬಿಚ್ಚಲಿಕ್ಕಿಲ್ಲ, ಆದರೆ ನೋಡೋದರಲ್ಲಿ ನಷ್ಟವಿಲ್ಲ.

ಕೊನೆಗೆ ನಮ್ಮ ಕನ್ನಡದ್ದೇ ಒಂದು ಪೇಚು. ಫೈಲ್ ತೆರೆಯುತ್ತದೆ, ಆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೈಲ್ ಕೆಟ್ಟಿತು ಅಂತ ಎಷ್ಟೋ ಜನ ಮೊದಲಿಂದ ಟೈಪ್ ಮಾಡಲು ಕೂರುತ್ತಾರೆ! ಅದು ಸಾಮಾನ್ಯವಾಗಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದದ್ದು, ಆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ಫಾಂಟ್ ಹಾಕಿದರೆ ಬರಹ ಇದ್ದ ಹಾಗೇ ಕಾಣುತ್ತದೆ. ಪ್ರೆಸ್‌ಗೆ ಹೋಗುವಾಗ ಫಾಂಟಿನ ಫೈಲನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗೆ ಒಯ್ಯಿರಿ.