ನಕ್ಷೆಯ ಮೇಲಿನ ಚುಕ್ಕೆ ಒಂದು ಅಂದಾಜು ಮಾತ್ರ

2025ರ ಜುಲೈ ಕೊನೆಯಲ್ಲಿ ರಷ್ಯಾದ ಕಮ್ಚಾಟ್ಕಾ ಕರಾವಳಿಯಾಚೆ ಸಮುದ್ರದ ತಳ ನಡುಗಿತಲ್ಲ, ಆಗ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಭೂಕಂಪದ ಪ್ರಮಾಣ ಅಂತ ಕೊಟ್ಟ ಮೊದಲ ಸಂಖ್ಯೆ 8.0. ಆಮೇಲೆ ಅದು 8.7 ಆಯ್ತು, ಕೊನೆಗೆ 8.8ಕ್ಕೆ ನಿಂತಿತು. ಬರೀ ಸೊನ್ನೆ ಪಾಯಿಂಟ್ ಎಂಟು ತಾನೆ ಅಂದುಕೊಂಡರೆ ಮೋಸ ಹೋಗ್ತೀರಿ. ಈ ಅಳತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತೆ. 0.8 ಏರಿದರೆ ಹತ್ತಿರ ಹತ್ತಿರ 16 ಪಟ್ಟು.

ಯಾರೋ ಎಡವಿದ್ದರಿಂದ ಹೀಗಾಗಿದ್ದಲ್ಲ. ದೊಡ್ಡ ಭೂಕಂಪದಲ್ಲಿ ಬಿರುಕು ನೂರಾರು ಕಿಲೋಮೀಟರ್ ಹರಿಯಬೇಕು, ಅದಕ್ಕೆ ನಿಮಿಷಗಳೇ ಬೇಕು. ಮೊದಲ ಲೆಕ್ಕ ಹಾಕೋದು ಬೇಗ ಬಂದು ಮುಟ್ಟುವ, ಚುರುಕಾಗಿ ಕಂಪಿಸುವ ಚಿಕ್ಕ ಅಲೆಗಳಿಂದ. ಆ ಅಲೆಗಳು ಒಂದು ಮಟ್ಟ ದಾಟಿದ ಮೇಲೆ ಎತ್ತರಕ್ಕೆ ಏರೋದೇ ಇಲ್ಲ, ಭೂಕಂಪ ಎಷ್ಟೇ ದೊಡ್ಡದಿರಲಿ. ನಿಜವಾದ ಗಾತ್ರ ಗೊತ್ತಾಗೋದು ನಿಧಾನದ ಉದ್ದ ಅಲೆಗಳು ಜಗತ್ತಿನ ಬೇರೆ ಬೇರೆ ಕಡೆಯ ಕಂಪನಮಾಪಕಗಳಿಗೆ ತಲುಪಿದ ಮೇಲೆ. 2011ರಲ್ಲಿ ಜಪಾನಿನ ತೋಹೊಕುವಿನಲ್ಲಿ ಇದೇ ಆಯ್ತು. ಮೂರು ನಿಮಿಷಕ್ಕೆ ಸಿಕ್ಕ ಅಂದಾಜು 7.9, ಕೊನೆಯ ಅಂಕ 9.0. ಆ 7.9ನ್ನು ನಂಬಿ ಕೊಟ್ಟ ಮೊದಲ ಎಚ್ಚರಿಕೆಯಲ್ಲಿ ಮಿಯಾಗಿ ಪ್ರಾಂತ್ಯಕ್ಕೆ 6 ಮೀಟರ್, ಇವಾತೆಗೆ 3 ಮೀಟರ್ ಸುನಾಮಿ ಅಂತಿತ್ತು. ಬಂದದ್ದು ಅನೇಕ ಕಡೆ 10 ಮೀಟರ್‌ಗೂ ಮೀರಿ.

ಹಾಗಾಗಿ 7ಕ್ಕಿಂತ ದೊಡ್ಡದು ಅಂತ ಸುದ್ದಿ ಬಂದರೆ ಅರ್ಧ ಗಂಟೆ ಆ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಅನ್ನೋದು ನನ್ನ ವಾದ. ದೂರದಲ್ಲಿ ಕೂತು ನೋಡುವವರಿಗೆ ಈ ಮಾತು. ಸಮುದ್ರದ ದಡದಲ್ಲಿದ್ದು ನೆಲ ಒಂದು ನಿಮಿಷ ಬಿಡದೆ ಅಲ್ಲಾಡಿದವರು ಯಾವ ಸಂಖ್ಯೆಗೂ ಕಾಯಬಾರದು, ಎತ್ತರಕ್ಕೆ ಓಡಬೇಕು.

ಇನ್ನೊಂದು ತಕರಾರು ನಮ್ಮ ಭಾಷೆಯದ್ದು. "ರಿಕ್ಟರ್ ಮಾಪಕದಲ್ಲಿ 6.2ರಷ್ಟು ತೀವ್ರತೆ ದಾಖಲಾಗಿದೆ." ಈ ವಾಕ್ಯವನ್ನು ಎಷ್ಟು ಸಲ ಕೇಳಿದ್ದೀರಿ? ಅದರಲ್ಲಿ ಎರಡು ತಪ್ಪಿವೆ. ರಿಕ್ಟರ್ ಮಾಪಕ 1935ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆಂದು, ಒಂದು ನಿರ್ದಿಷ್ಟ ಯಂತ್ರಕ್ಕೆಂದು ಮಾಡಿದ್ದು. ದೊಡ್ಡ ಭೂಕಂಪಗಳಿಗೆ ಈಗ ಬಳಸೋದು ಮೊಮೆಂಟ್ ಮ್ಯಾಗ್ನಿಟ್ಯೂಡ್, ಅಂದರೆ ಎಷ್ಟು ವಿಸ್ತಾರದ ಬಂಡೆ ಎಷ್ಟು ದೂರ ಜಾರಿತು ಅನ್ನುವ ಲೆಕ್ಕ. ಎರಡನೇ ತಪ್ಪು 'ತೀವ್ರತೆ'. 6.2 ಅನ್ನೋದು ಪ್ರಮಾಣ. ತೀವ್ರತೆ ಅಂದರೆ ನೀವು ನಿಂತ ಜಾಗದಲ್ಲಿ ನೆಲ ಎಷ್ಟು ಅಲ್ಲಾಡಿತು ಅನ್ನೋದು. ಅದಕ್ಕೆ ಮೆರ್ಕಾಲಿ ಅಳತೆ ಬೇರೆಯೇ ಇದೆ, ಒಂದರಿಂದ ಹನ್ನೆರಡರವರೆಗೆ. ಪ್ರಮಾಣ ಭೂಕಂಪಕ್ಕೊಂದು, ತೀವ್ರತೆ ಊರಿಗೊಂದು.

ಪದದ ಮೇಲೆ ಇಷ್ಟು ಹಟ ಯಾಕೆ? 2013ರ ಮೇ 24ರಂದು ಒಖೋಟ್ಸ್ಕ್ ಸಮುದ್ರದಡಿ 8.3ರ ಭೂಕಂಪ ಆಯ್ತು. ಸಾವಿರಾರು ಕಿಲೋಮೀಟರ್ ದೂರದ ಮಾಸ್ಕೋದಲ್ಲೂ ಜನರಿಗೆ ಸಣ್ಣಗೆ ಗೊತ್ತಾಯ್ತು, ಹೇಳಿಕೊಳ್ಳುವಂಥ ಹಾನಿ ಎಲ್ಲೂ ಆಗಲಿಲ್ಲ. ಆಳ ಸುಮಾರು 600 ಕಿಲೋಮೀಟರ್. 2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಆದದ್ದು ಬರೀ 6.2. ಆಳ ಸುಮಾರು 5 ಕಿಲೋಮೀಟರ್, ಅದೂ ನಗರದ ಪಕ್ಕದಲ್ಲೇ. ಸತ್ತವರು 185 ಜನ. 'ತೀವ್ರತೆ 8.3' ಅಂತ ಓದಿದವನಿಗೆ ಈ ಲೆಕ್ಕ ಹೇಗೆ ಹೊಂದಬೇಕು?

ಹಾಗಾಗಿ ಆಳವನ್ನೂ ನೋಡಬೇಕು. ಆದರೆ ಯುಎಸ್‌ಜಿಎಸ್‌ನ ಭೂಕಂಪದ ಪುಟದಲ್ಲಿ ಆಳದ ಅಂಕಣದಲ್ಲಿ ಸರಿಯಾಗಿ 10 ಕಿಲೋಮೀಟರ್ ಅಂತಿದ್ದರೆ ಅದು ಅಳೆದದ್ದಲ್ಲದೇ ಇರಬಹುದು. ಹತ್ತಿರದಲ್ಲಿ ಕಂಪನ ಅಳೆಯುವ ಕೇಂದ್ರ ಇಲ್ಲದಿದ್ದಾಗ ಆಳ ಮತ್ತು ಹುಟ್ಟಿದ ಸಮಯ ಒಂದಕ್ಕೊಂದು ಬೆರೆತುಹೋಗುತ್ತವೆ. ಸ್ವಲ್ಪ ಮೊದಲು, ಸ್ವಲ್ಪ ಆಳದಲ್ಲಿ ಅಂದರೂ ಲೆಕ್ಕ ಕೂಡುತ್ತೆ, ಸ್ವಲ್ಪ ಆಮೇಲೆ, ಕಡಿಮೆ ಆಳದಲ್ಲಿ ಅಂದರೂ ಕೂಡುತ್ತೆ. ಆಗ ಲೆಕ್ಕ ಹಾಕುವವರು ಆಳವನ್ನು 10ಕ್ಕೆ ಕಟ್ಟಿಹಾಕಿ ಮಿಕ್ಕದ್ದನ್ನು ಬಿಡಿಸ್ತಾರೆ. ಹಿಂದೆ ಇದೇ ಕೆಲಸಕ್ಕೆ 33 ಬಳಸ್ತಿದ್ದರು. "ಇವತ್ತಿನ ಭೂಕಂಪಗಳೆಲ್ಲ ಒಂದೇ ಆಳದಲ್ಲಿ, ಏನೋ ನಡೀತಿದೆ" ಅನ್ನುವ ವಿಡಿಯೋಗಳ ಗುಟ್ಟು ಇಷ್ಟೇ.

ಅದೇ ಪುಟದಲ್ಲಿ ಇನ್ನೂ ಮೂರು ಕಡೆ ಕಣ್ಣು ಹಾಯಿಸಿ. ಸ್ಟೇಟಸ್ 'ಆಟೋಮ್ಯಾಟಿಕ್' ಅಂತಿದ್ದರೆ ಯಂತ್ರದ ಲೆಕ್ಕ, 'ರಿವ್ಯೂಡ್' ಆದರೆ ಒಬ್ಬ ಮನುಷ್ಯ ನೋಡಿದ್ದಾರೆ. 'ಗ್ಯಾಪ್' ಅನ್ನೋದು ಭೂಕಂಪದ ಸುತ್ತ ಕೇಂದ್ರಗಳೇ ಇಲ್ಲದ ಅತಿ ದೊಡ್ಡ ಕೋನ. ಅದು 180 ಡಿಗ್ರಿ ದಾಟಿದರೆ ಎಲ್ಲ ಕೇಂದ್ರಗಳೂ ಒಂದೇ ಪಕ್ಕದಲ್ಲಿವೆ ಅಂತರ್ಥ, ಜಾಗವನ್ನು ಅಷ್ಟಾಗಿ ನಂಬಬೇಡಿ. ಮತ್ತೆ 'ಸುನಾಮಿ: 1'. ಸಮುದ್ರದ ದೊಡ್ಡ ಭೂಕಂಪಗಳಿಗೆ ಬೀಳುವ ಗುರುತು ಅದು. ಸುನಾಮಿ ಎದ್ದಿದೆ ಅಂತ ಅಲ್ಲ, ಸುನಾಮಿ ಎಚ್ಚರಿಕಾ ಕೇಂದ್ರದ ಪುಟ ತೆರೆದು ನೋಡಿ ಅಂತ.

ಈ ಮಾಹಿತಿಯನ್ನು ಪ್ರೋಗ್ರಾಂ ಬರೆದು ಎಳೆದುಕೊಳ್ಳುವವರಿಗೆ ಒಂದೆರಡು ಮಾತು. ಯುಎಸ್‌ಜಿಎಸ್ ಫೀಡ್ ಪ್ರತಿ ನಿಮಿಷ ಹೊಸದಾಗುತ್ತೆ. ಒಂದೇ ಭೂಕಂಪದ ಐಡಿ ನಡುವೆ ಬದಲಾಗಬಹುದು, ಯಾಕೆಂದರೆ ಮೊದಲು ಒಂದು ಜಾಲದ ಲೆಕ್ಕ ಇದ್ದು ಆಮೇಲೆ ಇನ್ನೊಂದರದ್ದು ಮುಂದೆ ಬರುತ್ತೆ. ಹಾಗಾಗಿ 'ಐಡಿ' ಒಂದನ್ನೇ ನೋಡದೆ 'ಐಡೀಸ್' ಪಟ್ಟಿಯನ್ನು ಹೋಲಿಸಿ, ಇಲ್ಲದಿದ್ದರೆ ಒಂದು ಎರಡಾಗುತ್ತೆ. ತಪ್ಪು ಅಂತ ಗೊತ್ತಾದವು ಫೀಡ್‌ನಿಂದ ಮಾಯವಾಗ್ತವೆ, ನಿಮ್ಮ ಪ್ರತಿಯಲ್ಲಿ ಮಾತ್ರ ಹಾಗೇ ಕೂತಿರ್ತವೆ. ಸಮಯ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ, ಮಿಲಿಸೆಕೆಂಡ್ ಲೆಕ್ಕದಲ್ಲಿ. ತಾರೀಕನ್ನಂತೂ ಪರೀಕ್ಷಿಸಲೇಬೇಕು. 2017ರ ಜೂನ್‌ನಲ್ಲಿ 1925ರ ಸಾಂಟಾ ಬಾರ್ಬರಾ ಭೂಕಂಪದ ಜಾಗವನ್ನು ತಿದ್ದುವಾಗ ತಂತ್ರಾಂಶದ ದೋಷದಿಂದ 6.8ರ ಹೊಸ ಭೂಕಂಪ ಅಂತ ಸಂದೇಶ ಹೊರಟಿತು. ಅದರಲ್ಲಿದ್ದ ವರ್ಷ 2025. ಎಂಟು ವರ್ಷ ಮುಂದಿನ ತಾರೀಕು! ಆದರೂ ಒಂದು ಪತ್ರಿಕೆಯ ಯಂತ್ರ ಸುದ್ದಿ ಬರೆದು ಪ್ರಕಟಿಸಿಯೇಬಿಟ್ಟಿತು.

ಭೂಕಂಪಗಳು ಹೆಚ್ಚಾಗ್ತಿವೆಯಾ? ಇಲ್ಲ. 7ಕ್ಕೆ ಮೇಲ್ಪಟ್ಟವು ವರ್ಷಕ್ಕೆ ಸರಾಸರಿ ಹದಿನಾರು. 1989ರಲ್ಲಿ ಆರೇ ಆಗಿದ್ದವು, 2010ರಲ್ಲಿ 23. ಏರಿಳಿತ ಇದೆ, ಏರಿಕೆ ಇಲ್ಲ. ಹೆಚ್ಚಾಗಿರೋದು ಸಣ್ಣವನ್ನು ಹಿಡಿಯುವ ಯಂತ್ರಗಳು. ನಕ್ಷೆಯಲ್ಲಿ 2.5ರಿಂದ ಮೇಲೆ ಅಂತ ಇಟ್ಟರೆ ಅಮೆರಿಕದ ತುಂಬ ಚುಕ್ಕೆ, ಆಫ್ರಿಕಾ ಖಾಲಿ. ಅಲ್ಲಿನ ಸಣ್ಣವು ಆ ಪಟ್ಟಿಗೆ ಬರೋದೇ ಇಲ್ಲ. ಇಡೀ ಜಗತ್ತನ್ನು ಹೋಲಿಸಬೇಕಾದರೆ 4.5ರಿಂದ ಮೇಲಿನವನ್ನು ಮಾತ್ರ ಇಟ್ಟುಕೊಳ್ಳಿ.

ಜ್ವಾಲಾಮುಖಿಗಳ ಲೆಕ್ಕವೇ ಬೇರೆ. ಅಲ್ಲಿ ನಿಮಿಷ ನಿಮಿಷಕ್ಕೂ ನಕ್ಷೆ ನೋಡೋದರಲ್ಲಿ ಅರ್ಥವಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಯುಎಸ್‌ಜಿಎಸ್ ಜೊತೆ ಸೇರಿ ಕೊಡುವ ವಾರದ ವರದಿ ಸಾಕು. ಯಾವುದೇ ಹೊತ್ತಿನಲ್ಲಿ ಜಗತ್ತಿನಲ್ಲಿ ನಲವತ್ತರಿಂದ ಐವತ್ತು ಜ್ವಾಲಾಮುಖಿಗಳ ಉಗುಳುವಿಕೆ ಮುಗಿಯದೆ ನಡೀತಿರುತ್ತೆ. ಇಟಲಿಯ ಸ್ಟ್ರಾಂಬೊಲಿಯದ್ದು ಶತಮಾನಗಳ ಕಥೆ. ಹವಾಯಿಯ ಕಿಲೌಯಾ 2024ರ ಡಿಸೆಂಬರ್ 23ರಿಂದ ಬಿಟ್ಟು ಬಿಟ್ಟು ಲಾವಾ ಚಿಮ್ಮಿಸಿದಾಗ ಪ್ರತಿ ಸಲವೂ "ಮತ್ತೊಂದು ಸ್ಫೋಟ" ಅಂತ ಸುದ್ದಿಯಾಯ್ತು. ಆದರೆ ಸ್ಮಿತ್‌ಸೋನಿಯನ್ ಲೆಕ್ಕದಲ್ಲಿ ನಡುವೆ ಮೂರು ತಿಂಗಳು ಸುಮ್ಮನಿದ್ದರೆ ಮಾತ್ರ ಮುಂದಿನದು ಹೊಸದು.

ಎಚ್ಚರಿಕೆಯ ಮಟ್ಟಗಳನ್ನು ದೇಶ ದೇಶಕ್ಕೂ ಹೋಲಿಸಬೇಡಿ. ಇಂಡೋನೇಷ್ಯಾದಲ್ಲಿ ನಾಲ್ಕು ಮಟ್ಟ, ಜಪಾನಿನಲ್ಲಿ ಐದು. ವಿಮಾನಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅನ್ನುವ ಬಣ್ಣಗಳು ಬೇರೆ. ಆ ಬಣ್ಣ ಆಕಾಶದ ಬೂದಿಯ ಬಗ್ಗೆ, ಬೆಟ್ಟದ ಬುಡದ ಜನರ ಬಗ್ಗೆ ಅಲ್ಲ. ಕೆಳಗಿನ ಮಟ್ಟ ಅಂದರೆ ಕ್ಷೇಮ ಅಂತಲೂ ಅಲ್ಲ. 2014ರ ಸೆಪ್ಟೆಂಬರ್ 27ರಂದು ಜಪಾನಿನ ಒಂಟಾಕೆ ಸಿಡಿದಾಗ ಅದು 1ನೇ ಮಟ್ಟದಲ್ಲಿತ್ತು, ಹೆಸರು 'ಸಾಮಾನ್ಯ'. ಸತ್ತವರು, ಕಾಣೆಯಾದವರು ಸೇರಿ 63 ಜನ. ಅಲ್ಲಿ ಸಿಡಿದದ್ದು ಹಬೆ. ಶಿಲಾರಸ ಮೇಲೇರುವಾಗ ಸಿಗುವಂಥ ಸ್ಪಷ್ಟ ಮುನ್ಸೂಚನೆ ಅದಕ್ಕೆ ಇರಲಿಲ್ಲ. ಮರುವರ್ಷ ಆ 'ಸಾಮಾನ್ಯ' ಅನ್ನುವ ಹೆಸರನ್ನೇ ಬದಲಿಸಿದರು. ಒಳ್ಳೆಯದೇ ಮಾಡಿದರು.

ಸಾಲುಸಾಲಾಗಿ ಸಣ್ಣ ಕಂಪನ ಬಂದರೆ ಜ್ವಾಲಾಮುಖಿ ಸಿಡಿಯುತ್ತಾ? ಐಸ್‌ಲ್ಯಾಂಡಿನ ಗ್ರಿಂಡವಿಕ್ ಊರನ್ನು 2023ರ ನವೆಂಬರ್ 10ರಂದು ಖಾಲಿ ಮಾಡಿಸಿದರು, ಡಿಸೆಂಬರ್ 18ರಂದು ನೆಲ ಸೀಳಿ ಲಾವಾ ಬಂತು. ಗ್ರೀಸಿನ ಸಾಂಟೊರಿನಿ ಬಳಿ 2025ರ ಆರಂಭದಲ್ಲಿ ಸಾವಿರಾರು ಕಂಪನಗಳಾಗಿ ಜನ ದ್ವೀಪ ಬಿಟ್ಟರು, ಏನೂ ಸಿಡಿಯಲಿಲ್ಲ. ಚುಕ್ಕೆಗಳನ್ನು ಎಣಿಸಿದರೆ ಸಾಲದು. ಅವು ಜಾಗ ಬದಲಿಸ್ತಾ ಮೇಲಕ್ಕೆ ಬರ್ತಿವೆಯಾ, ಜಿಪಿಎಸ್‌ನಲ್ಲಿ ನೆಲ ಉಬ್ಬಿದೆಯಾ, ಸಲ್ಫರ್ ಡೈಆಕ್ಸೈಡ್ ಏರಿದೆಯಾ, ಮೂರನ್ನೂ ಒಟ್ಟಿಗೆ ನೋಡಬೇಕು.

ಕೊನೆಗೆ ಬೂದಿಯ ನಕ್ಷೆಗಳು. ಟೋಕಿಯೊ, ಡಾರ್ವಿನ್, ವಾಷಿಂಗ್ಟನ್, ಲಂಡನ್ ಸೇರಿ ಒಂಬತ್ತು ಕೇಂದ್ರಗಳು ಜಗತ್ತನ್ನು ಹಂಚಿಕೊಂಡು ಇವನ್ನು ಕೊಡ್ತವೆ. ಬೂದಿ ಈಗ ಎಲ್ಲಿದೆ, 6, 12, 18 ಗಂಟೆಗೆ ಎಲ್ಲಿರುತ್ತೆ ಅಂತ ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ ಇರುತ್ತೆ. ಜಾಲತಾಣಗಳಲ್ಲಿ ಹರಿದಾಡೋದು ಯಾವಾಗಲೂ ಆ ಕೊನೆಯ, ಬೂದಿ ಎಲ್ಲಕ್ಕಿಂತ ದೂರ ಹರಡಿರುವ ಚಿತ್ರ. ಮೂಲೆಯಲ್ಲಿರುವ ಯುಟಿಸಿ ಸಮಯ ಓದಿ. ಆರು ಗಂಟೆ ದಾಟಿದ್ದರೆ ಅದನ್ನು ಬಿಟ್ಟು ಹೊಸದನ್ನು ತೆರೆಯಿರಿ.