ವಿಸ್ಕಿ ಅಗ್ಗವಾದಾಗಲೇ ಊರು ಕುಡಿತ ಬಿಟ್ಟಿದ್ದು ಯಾಕೆ?

ಅಮೆರಿಕದಲ್ಲಿ 1830ರ ಸುಮಾರಿಗೆ ಎದ್ದ ಧರ್ಮಜಾಗೃತಿಯ ಕಥೆಯನ್ನ ಎಲ್ಲರೂ ಚರ್ಚಿನಿಂದ ಶುರು ಮಾಡ್ತಾರೆ. ನಾನು ಕಾಲುವೆಯಿಂದ ಶುರು ಮಾಡ್ತೀನಿ.

ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆ. 1817ರಲ್ಲಿ ಗುದ್ದಲಿ ಬಿತ್ತು, 1825ರಲ್ಲಿ ಮುಗೀತು. ಉದ್ದ 363 ಮೈಲಿ, ಅಗಲ 40 ಅಡಿ, ಆಳ ಬರೀ 4 ಅಡಿ. ಏರು ಬಂದಲ್ಲಿ ದೋಣಿ ಎತ್ತೋಕೆ ಒಟ್ಟು 83 ಲಾಕ್‌ಗಳು, ಅಂದ್ರೆ ನೀರು ತುಂಬಿ ದೋಣಿ ಮೇಲೇರಿಸೋ ಬಾಗಿಲಿನ ತೊಟ್ಟಿಗಳು. ದಡದಲ್ಲಿ ಹೇಸರಗತ್ತೆ ಹಗ್ಗ ಎಳೀತಿತ್ತು, ಅಷ್ಟೇ ಎಂಜಿನ್ನು. ಆದರೂ ಬಫಲೋದಿಂದ ನ್ಯೂಯಾರ್ಕಿಗೆ ಟನ್ನಿಗೆ ಸುಮಾರು 100 ಡಾಲರ್ ಇದ್ದ ಸಾಗಣೆ ಖರ್ಚು 10 ಡಾಲರಿನೊಳಗೆ ಬಂತು. ದಾರಿಯಲ್ಲಿದ್ದ ರೋಚೆಸ್ಟರ್ ಹಿಟ್ಟಿನ ಗಿರಣಿಗಳ ಪಟ್ಟಣ ಆಯ್ತು. 1820ರಲ್ಲಿ ಅಲ್ಲಿ ಇದ್ದವರು ಸುಮಾರು 1,500 ಜನ, 1830ಕ್ಕೆ 9,000 ದಾಟಿತ್ತು.

ಈಗ ವಿಸ್ಕಿ. ಕಾಲುವೆಗೆ ಮುಂಚೆ ಧಾನ್ಯ ಗಾಡಿಯಲ್ಲಿ ಹೊತ್ತರೆ ಲಾಭ ಗಿಟ್ಟುತ್ತಿರಲಿಲ್ಲ, ಅದಕ್ಕೇ ಭಟ್ಟಿ ಇಳಿಸಿ ಮಾರ್ತಿದ್ರು. ಕಾಲುವೆ ಬಂದ ಮೇಲೆ ವಿಸ್ಕಿ ಸಾಗಣೆಯೂ ಅಗ್ಗ. ಲೆಕ್ಕದ ಪ್ರಕಾರ ಕುಡಿತ ಏರಬೇಕಿತ್ತು. ದೇಶದಲ್ಲಿ 15 ವರ್ಷ ದಾಟಿದವರು ತಲಾ ವರ್ಷಕ್ಕೆ ಸುಮಾರು 7 ಗ್ಯಾಲನ್ ಶುದ್ಧ ಮದ್ಯಸಾರದಷ್ಟು ಕುಡೀತಿದ್ದ ಕಾಲ ಅದು. ಹತ್ತು ಹದಿನೈದು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗಿಳೀತು. ಅಂದ್ರೆ ಉತ್ತರ ಬೆಲೆಯಲ್ಲಿಲ್ಲ.

ಮನೆಯಲ್ಲಿದೆ. ಹಿಂದೆ ಚಪ್ಪಲಿ ಹೊಲಿಯೋ ಯಜಮಾನ, ಕೆಲಸಗಾರ, ಕಲಿಯೋ ಹುಡುಗ, ಎಲ್ಲ ಒಂದೇ ಸೂರಿನಡಿ ಇರ್ತಿದ್ರು. ಮಧ್ಯೆ ಮಧ್ಯೆ ಯಜಮಾನನೇ ಗುಟುಕು ಹಾಕಿಸ್ತಿದ್ದ, ಹದ್ದು ಮೀರಿದ್ರೆ ಬೈತಿದ್ದ. ವ್ಯಾಪಾರ ಬೆಳೀತು, ಯಜಮಾನ ಬೇರೆ ಬೀದಿಗೆ ಹೋದ, ಕೆಲಸಗಾರರು ಬಾಡಿಗೆ ಕೋಣೆಗಳಿಗೆ ಹೋದ್ರು. ಕುಡಿಸಿದವನೇ ಈಗ ಕುಡುಕರ ಕಾಟ ಅಂತ ಗೊಣಗೋಕೆ ಶುರು ಮಾಡಿದ. ಹತೋಟಿ ಕೈ ತಪ್ಪಿತ್ತು, ಅದೇ ನಿಜವಾದ ನೋವು.

1830ರ ಸೆಪ್ಟೆಂಬರಿನಲ್ಲಿ ರೋಚೆಸ್ಟರಿಗೆ ಬಂದವನು ಕ್ರೈಸ್ತ ಪ್ರವಚನಕಾರ ಚಾರ್ಲ್ಸ್ ಫಿನ್ನಿ. ಮೊದಲು ವಕೀಲಿ ಕಲಿತವನು, ಕೋರ್ಟಿನಲ್ಲಿ ತೀರ್ಪು ಕೊಡೋ ಜ್ಯೂರಿಯನ್ನ ಒಪ್ಪಿಸೋ ಥರ ಜನರ ಮುಂದೆ ವಾದ ಮಾಡ್ತಿದ್ದ. ಪಾಪದ ಅರಿವಾದವರು ಎದ್ದು ಬಂದು ಎಲ್ಲರೆದುರು ಮುಂದಿನ ಬೆಂಚಿನಲ್ಲಿ ಕೂರಬೇಕು. ಊರಿನ ವಕೀಲ, ವರ್ತಕ ಅಲ್ಲಿ ಕೂತ ಮೇಲೆ ಮಿಕ್ಕವರಿಗೆ ಏನು ನೆಪ? ಆರು ತಿಂಗಳು ಇದು ನಡೀತು. ಹೊಸ ವರ್ಷದ ಹೊತ್ತಿಗೆ ಅವನ ಜೊತೆಗಾರ ಥಿಯೊಡೋರ್ ವೆಲ್ಡ್ ಮದ್ಯದ ವಿರುದ್ಧ ಮಾತಾಡಿದ್ದೇ ತಡ, ಕೆಲವು ವ್ಯಾಪಾರಿಗಳು ತಮ್ಮ ಪೀಪಾಯಿಗಳನ್ನ ಬೀದಿಗುರುಳಿಸಿ ಒಡೆದುಹಾಕಿದ್ರು.

ಹಾಗಾದ್ರೆ ಇದೆಲ್ಲ ಯಜಮಾನರ ಹೂಟವಾ? ಅರ್ಧ ಒಪ್ಪುತ್ತೀನಿ. ಕುಡಿಯದೆ ಚರ್ಚಿಗೆ ಬರೋನಿಗೆ ಕೆಲಸ ಸಲೀಸಾಗಿ ಸಿಗ್ತಿತ್ತು, ನಿಜ. ಆದರೆ ಮನೆಮನೆಗೆ ಹೋಗಿ ಜನರನ್ನ ಕರೆತಂದವರು ಹೆಂಗಸರು. ಗಂಡಸರೂ ಇರೋ ಸಭೆಯಲ್ಲಿ ಹೆಂಗಸರು ಗಟ್ಟಿಯಾಗಿ ಪ್ರಾರ್ಥಿಸಬಹುದಾ ಅನ್ನೋದರ ಮೇಲೆ 1827ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಲೆಬನಾನ್ ಊರಿನಲ್ಲಿ ಪಾದ್ರಿಗಳೇ ಕಿತ್ತಾಡಿದ್ರು. ಫಿನ್ನಿಯದು ಪ್ರಾರ್ಥಿಸಲಿ ಬಿಡಿ ಅನ್ನೋ ಪಕ್ಷ. ಯಾವ ಗಿರಣಿ ಮಾಲೀಕ ಇದನ್ನ ಬೇಡಿದ್ದ?

ಹಾಗಂತ ಇಲ್ಲಿಂದ 1848ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶಕ್ಕೆ ನೇರ ಗೆರೆ ಎಳೆಯೋರ ಜೊತೆ ನನಗೆ ತಕರಾರಿದೆ. ಅದನ್ನ ಕರೆದವರಲ್ಲಿ ಹೆಚ್ಚಿನವರು ಕ್ವೇಕರ್‌ಗಳು, ಅಂದ್ರೆ ಫಿನ್ನಿಯದಲ್ಲದ ಬೇರೆಯೇ ಕ್ರೈಸ್ತ ಪಂಥದವರು. ಇನ್ನು ಕರೆದವರಲ್ಲೊಬ್ಬಳಾದ ಎಲಿಜಬೆತ್ ಕೇಡಿ ಸ್ಟಾಂಟನ್ ಹುಡುಗಿಯಾಗಿದ್ದಾಗ ಫಿನ್ನಿಯ ಪ್ರವಚನ ಕೇಳಿ ನರಕದ ಭಯಕ್ಕೆ ನಿದ್ದೆಗೆಟ್ಟು, ಚೇತರಿಸಿಕೊಂಡ ಮೇಲೆ ಆ ಥರದ ಧರ್ಮಕ್ಕೇ ಬೆನ್ನು ತಿರುಗಿಸಿದಾಕೆ.